ಚಿತ್ರದ ಅಂಚಿನ ಕಾವಲುಗಾರ

ಅಪ್ಪಾ,

ಇವತ್ತು ನಮ್ಮ ಪೀಣ್ಯದ ಫ್ರೇಮ್ ಅಂಗಡಿಗೆ ಯಾವುದೋ ಆಫೀಸಿನವರ ಹಳೇ ಅಚ್ಚಿನ ಚಿತ್ರ ಬಂದಿತ್ತು. ಮಂಜಿನಲ್ಲಿ ತೇಲುವಂಥ ಕೋಟೆ, ಬುರುಜಿನ ಮೇಲೆ ಬಾವುಟ, ಕೆಳಗಿನ ಅಂಚಿನಲ್ಲಿ ದೊಣ್ಣೆ ಹಿಡಿದ ಕಾವಲುಗಾರ. ಚಿತ್ರದ ಸುತ್ತ ಕೂರಿಸುವ ರಟ್ಟು ಕತ್ತರಿಸುವುದು ನನ್ನ ಕೆಲಸ. ಕೊಟ್ಟ ಅಳತೆಗೆ ಕತ್ತರಿಸಿದರೆ ಆ ಕಾವಲುಗಾರ ರಟ್ಟಿನಡಿ ಮುಚ್ಚಿಹೋಗುತ್ತಿದ್ದ.

“ಕೋಟೆ ಕಂಡ್ರೆ ಸಾಕು ಮಲಕವ್ವ, ವಾಚ್‌ಮನ್ ಯಾರಿಗ್ ಬೇಕು?” ಅಂದರು ಯಜಮಾನರು.

ಫ್ಯಾಕ್ಟರಿ ವಾಚ್‌ಮನ್ ಆಗಿದ್ದ ನಿನ್ನನ್ನೂ ಗ್ರೂಪ್ ಫೋಟೋ ದಿನ ಗೇಟಿನಲ್ಲೇ ನಿಲ್ಲಿಸಿದ್ದರು. ನೀನು ಹೋದ ಮೇಲೆ ಹುಡುಕಿದರೆ ನಿನ್ನದೊಂದೂ ಫೋಟೋ ಇರಲಿಲ್ಲ. ಯಜಮಾನರ ಮಾತು ಮೀರಿ ರಟ್ಟಿನ ಅಂಚನ್ನು ಕಿರಿದು ಮಾಡಿ ಆ ಕಾವಲುಗಾರನನ್ನು ಉಳಿಸಿದೆ. ಕೆಲಸ ಹೋದರೆ ಗತಿಯೇನು ಅಂತ ಮಧ್ಯಾಹ್ನ ಊಟವೂ ಸೇರಲಿಲ್ಲ.

ಸಂಜೆ ಚಿತ್ರ ಒಯ್ಯಲು ಬಂದ ಆಫೀಸಿನ ಮೇಡಂ ಕಾವಲುಗಾರನ ಮೇಲೇ ಬೆರಳಿಟ್ಟರು. “ಇವನನ್ನ ಬಿಡದೆ ಒಳ್ಳೇದ್ ಮಾಡಿದ್ರಿ. ಕೋಟೆ ಗತ್ತು ತೋರ್ಸೋಕೇ ಆಗಿನ ಚಿತ್ರಗಾರರು ಕಾವಲುಗಾರನ್ನ ಮುಂದೆ ಬರೀತಿದ್ರು.”

“ನಾನೇ ಹೇಳಿದ್ದು ಮೇಡಂ!” ಅಂದರು ಯಜಮಾನರು.

ಗಾಜಿನ ಮೇಲೆ ಇಳಿಬಿಸಿಲು ಬಿತ್ತು. ಕಾವಲುಗಾರ ನಿನ್ನ ಹಾಗೇ ಒಂದು ಕಾಲಿಗೆ ಭಾರ ಬಿಟ್ಟು ನಿಂತಿದ್ದ. ನೋಡುತ್ತಾ ಮೈಮರೆತೆ. ಚಿತ್ರ ಹೊತ್ತ ಗಾಡಿ ತಿರುವು ದಾಟಿದ ಮೇಲೆ ಹೊಳೆಯಿತು: ಮೊಬೈಲ್ ಕೈಯಲ್ಲೇ ಇತ್ತು, ಒಂದು ಫೋಟೋ ತೆಗೆದುಕೊಳ್ಳಬಹುದಿತ್ತು.