ಡಾಕ್ಟರ ಮುಂದೆ ಮಗನನ್ನು ಹೊಗಳಬೇಡಿರಿ

ಅತ್ತಿಯವರೆ,

ಇವತ್ತೂ ರಜೆ ಸಿಗಲಿಲ್ಲ, ನಾನು ಕೆಲಸಕ್ಕೆ ಹೊರಟೆ. ಇವತ್ತು ನೀವಿಬ್ಬರೂ ಕಾಣಲು ಹೋಗುವ ನಾಶಿಕದ ಡಾಕ್ಟರು ನಿಮ್ಮ ಮಗನ ಗಮನ ಯಾಕೆ ನಿಲ್ಲುವುದಿಲ್ಲ ಎಂದು ಪರೀಕ್ಷೆ ಮಾಡುವಾಗ, ಸಣ್ಣವರಿದ್ದಾಗ ಹೇಗಿದ್ದರು ಎಂದು ನಿಮ್ಮನ್ನೂ ಕೇಳುತ್ತಾರೆ. "ನನ್ನ ತುಕಾರಾಮ ಬಂಗಾರದಂಥಾಂವ್ರಿ" ಎಂದು ಅಷ್ಟಕ್ಕೇ ಮುಗಿಸಬೇಡಿರಿ. ಪಾಟಿಚೀಲ ಬಿಟ್ಟು ಶಾಲೆಗೆ ಹೋಗುತ್ತಿದ್ದದ್ದು, ಅರ್ಧಕ್ಕೆ ಬಿಟ್ಟ ಕೆಲಸವನ್ನೆಲ್ಲ ನೀವೇ ಮುಗಿಸುತ್ತಿದ್ದದ್ದು, ಎಲ್ಲ ಹೇಳಿರಿ. ನಿಮ್ಮ ಮಗ ಉತ್ತರಕ್ಕೆ ತಡವರಿಸಿದರೆ ನಡುವೆ ಬಾಯಿ ಹಾಕಬೇಡಿರಿ.

ಮೈಗಳ್ಳ ಎಂದು ಈ ಮೇಸ್ತ್ರಿಯೂ ಅವರನ್ನು ಕೆಲಸ ಬಿಡಿಸಿದ್ದಾನೆ. ನೀವು ಮುಚ್ಚಿಟ್ಟರೆ ಡಾಕ್ಟರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮಗನ ಹಿಂದೆ ಓಡಿ ಓಡಿ ನನಗೂ ಸಾಕಾಗಿದೆ.

ರೊಟ್ಟಿ ಬುಟ್ಟಿಯಲ್ಲಿವೆ, ಉಂಡು ಹೋಗಿರಿ. ದವಾಖಾನೆಗೆ ಒಯ್ಯುವ ಅವರ ಚೀಲ ನಾನು ಜೋಡಿಸಿಲ್ಲ, ನೀವೂ ಜೋಡಿಸಬೇಡಿರಿ. ಇವತ್ತೊಂದು ದಿನ ಡಾಕ್ಟರು ಅವರನ್ನು ಇದ್ದ ಹಾಗೆಯೇ ನೋಡಲಿ.

ನೀಲಾಂಬಿಕಾ