ಮೂರನೇ ಗೇಟಿನ ಸಾಲು ತೆಗೆದವರು

ಹೊಳೆಸಾಲು ಪಟ್ಟಣ, ತುಂಗಭದ್ರೆಯ ದಂಡೆ
ಕ್ರಿ.ಶ. 2419, ಫೆಬ್ರವರಿ 30

ಅಡ್ಮಿನ್ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಅಂತ ನಮ್ಮ ಹಿರಿಯರು ಜನವರಿಯಿಂದ ಒಂದು ದಿನ, ಮಾರ್ಚ್‌ನಿಂದ ಒಂದು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಕ್ಷಮಿಸಿ. ಕ್ಷಮೆ ಕೇಳುವುದು ಅಷ್ಟಕ್ಕೇ. ಮಿಕ್ಕಂತೆ ನಿಮ್ಮ ಮೇಲೆ ನನಗೆ ಅನುಮಾನವಿದೆ, ಅದನ್ನು ಮುಚ್ಚಿಟ್ಟುಕೊಂಡು ನಯವಾಗಿ ಮಾತಾಡುವ ಅಭ್ಯಾಸ ನನಗಿಲ್ಲ.

ಅಲ್ರೀ, ಅಡ್ಮಿನ್ ಅಂದರೆ ಯಾರು? ನಮ್ಮ ಊರಿಗೆ ನೀರು ಬಿಡುವ ಕಂಪ್ಯೂಟರ್ ಕೋಡಿನ ಹಳೆಯ ದಾಖಲೆಯಲ್ಲಿ ನಲವತ್ತು ವರ್ಷ ಇದೊಂದೇ ಹೆಸರಿದೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ದಿನಾ ಬರೆದಿದ್ದೀರಿ. ಒಬ್ಬರೇ ಇದ್ದಿರೋ, ಹತ್ತು ಜನ ಸೇರಿ ಒಂದೇ ಹೆಸರಿನ ಹಿಂದೆ ಅಡಗಿದ್ದಿರೋ? ಹೆಸರು ಹೇಳದವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ನನ್ನ ಲೆಕ್ಕ ಸರಿಯಿದ್ದರೆ ಇವತ್ತು ನೀವು ಆ ಕೋಡಿನ ಫೋಲ್ಡರಿನಲ್ಲಿ ಮೊದಲ ಸಲ ಗಿಟ್, ಅಂದರೆ ಯಾರು ಯಾವಾಗ ಏನು ಬದಲಾಯಿಸಿದರು ಅಂತ ದಾಖಲಿಸುವ ವ್ಯವಸ್ಥೆ, ಶುರು ಮಾಡುತ್ತಿದ್ದೀರಿ. ಅದಕ್ಕೇ ಈ ಕಾಗದವನ್ನು ನೂರಾರು ವರ್ಷ ಹಿಂದಕ್ಕೆ, ನಿಮ್ಮ ಇವತ್ತಿಗೇ ತಲುಪುವಂತೆ ಕಳಿಸಿದ್ದೇನೆ.

ನಾನು ದುರುಗಮ್ಮ, ಇಲ್ಲಿನ ನೀರುಮನೆಯ ಹಿರಿಯಳು. ಊರಿನ ಗೇಟುಗಳನ್ನು ತೆರೆದು ಮುಚ್ಚುವ ಕೋಡನ್ನು ನೋಡಿಕೊಳ್ಳುವ ಜಾಗಕ್ಕೆ ನೀರುಮನೆ ಅನ್ನುತ್ತೇವೆ. ನನ್ನ ತಂಗಿ ಕೆಂಚಮ್ಮನೂ ಇಲ್ಲೇ ಕೆಲಸಕ್ಕಿದ್ದಾಳೆ. ಕೋಡಿನ ಒಂದು ಬದಲಾವಣೆಯನ್ನು ದಾಖಲೆಗೆ ಸೇರಿಸುವುದಕ್ಕೆ ನೀವು ಕಮಿಟ್ ಅನ್ನುತ್ತೀರಿ, ನಮಗೆ ಅದು ಹೆಜ್ಜೆ; ಪರೀಕ್ಷೆಗೆಂದು ಬೇರೆ ಇಟ್ಟ ಪ್ರತಿಗೆ ನೀವು ಬ್ರಾಂಚ್ ಅನ್ನುತ್ತೀರಿ, ನಮಗೆ ಅದು ಕವಲು. ಕವಲಿನಲ್ಲಿ ಬರೆದದ್ದು ಊರಿನ ಗೇಟಿಗೆ ತಾಗುವುದಿಲ್ಲ. ಅಂಗಳದಲ್ಲಿ ಮೊಳದುದ್ದದ ಪುಟ್ಟ ಗೇಟುಗಳಿವೆ, ಮೊದಲು ಅವುಗಳ ಮೇಲೆ ಓಡಿಸಿ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ವಾರಗಟ್ಟಲೆ ನೋಡುತ್ತೇವೆ. ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಆಗಿರಲೇಬೇಕು. ಒಪ್ಪಿದವರು ಹೊಸ ಕೋಡು ಬಿಟ್ಟ ನೀರನ್ನು ಎಲ್ಲರೆದುರು ಮೊದಲ ಲೋಟ ಕುಡಿಯಬೇಕು. ಕುಡಿದರೆ ಅವರ ಹೊಣೆ ತೀರಿತು. ಆಮೇಲೆ ಏನೇ ಕೆಟ್ಟರೂ ಬರೆದವರ ತಲೆಗೆ. ಹೆಜ್ಜೆ ಹಾಕಲು ಪ್ರತಿಯೊಬ್ಬರಿಗೂ ಅವರದೇ ಕೀಲಿ ಇರುತ್ತದೆ, ಯಾರ ಕೀಲಿಯೋ ಅವರ ಹೆಸರೇ ದಾಖಲೆಗೆ ಬೀಳುತ್ತದೆ. ಪಂಚಾಯ್ತಿಯವರು ಕೀಲಿ ಕಿತ್ತುಕೊಂಡರೆ ಮುಗಿಯಿತು, ಅಂಥವರ ಕೈಯಿಂದ ಊರಿನಲ್ಲಿ ಯಾರೂ ಒಂದು ಲೋಟ ನೀರು ಇಸಕೊಳ್ಳುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ದಿನಾ ನಸುಕಿನಲ್ಲಿ ಮೂರನೇ ಗೇಟು ಇಪ್ಪತ್ತು ನಿಮಿಷ ಊರಿಗೆ ನೀರು ಬಿಡದೆ ಚರಂಡಿಗೆ ಬಿಡುವಂತೆ ನೀವೊಂದು ಸಾಲು ಬರೆದಿದ್ದೀರಿ. ಯಾಕೆ ಅಂತ ಹುಡುಕಿದರೆ ಆ ಹೆಜ್ಜೆಯ ಜೊತೆ ಬರೆದಿರುವುದು ಎರಡೇ ಪದ: ಸಣ್ಣ ಬದಲಾವಣೆ. ಥೂ! ಕುಡಿಯೋ ನೀರನ್ನು ಚರಂಡಿಗೆ ಸುರಿಯುವುದು ಸಣ್ಣ ಬದಲಾವಣೆಯೇ? ಚರಂಡಿಯ ಆ ತುದಿಯಲ್ಲಿ ನಿಮ್ಮದೇ ತೋಟವಿತ್ತು, ಊರಿನ ನೀರು ಕದ್ದು ಅದಕ್ಕೆ ಹಾಯಿಸಿಕೊಂಡಿರಿ ಅಂತಲೇ ನನಗೆ ಅನಿಸಿತು. ಆ ಸಾಲು ಇವತ್ತೇ ತೆಗೆಯೋಣ ಅಂದೆ. ಕೆಂಚಮ್ಮ ಮಾತ್ರ, ಅಕ್ಕಾ, ಒಂದು ವಾರ ಕವಲಿನಲ್ಲಿಟ್ಟು ನೋಡೋಣ, ಕಾರಣ ಗೊತ್ತಿಲ್ಲದ ಸಾಲು ಮುಟ್ಟೋದು ಬೇಡ ಅಂತ ಪಟ್ಟು ಹಿಡಿದಳು. ನೀನೇನು ಆ ಕಳ್ಳನ ವಕೀಲಳಾ ಅಂತ ಅವಳ ಮೇಲೆ ರೇಗಿದೆ.

ಅದೇ ಮಧ್ಯಾಹ್ನ ಆ ಸಾಲು ಹೋಯಿತು. ಸಂಜೆಯ ನೀರನ್ನು ನಾನೇ ಮೊದಲ ಲೋಟ ಕುಡಿದೆ, ಸಿಹಿಯಾಗಿತ್ತು. ಮಾರನೇ ದಿನ ನಸುಕಿನ ನೀರು ಕುಡಿದ ಮಂಡಕ್ಕಿ ಭಟ್ಟಿ ಬೀದಿಯ ನಲವತ್ತಮೂರು ಮನೆಗಳಲ್ಲಿ ವಾಂತಿ, ಭೇದಿ. ಮೂರನೇ ಗೇಟಿನ ಹಿಂದೆ ನಿಮ್ಮ ಕಾಲದ ಕೊಳವೆಯೊಂದಿದೆಯಂತೆ, ಇರುಳೆಲ್ಲ ನಿಂತ ನೀರು ಅದರಲ್ಲಿ ಕೆಟ್ಟುಹೋಗುತ್ತದಂತೆ. ಆ ಕೆಟ್ಟ ನೀರನ್ನು ಹೊರಗೆ ಚೆಲ್ಲಲೆಂದೇ ನೀವು ಆ ಸಾಲು ಬರೆದಿದ್ದಿರಿ. ಹಿಂದಿನ ಹೆಜ್ಜೆಗೆ ಮರಳಲು ನಮಗೆ ಒಂದು ನಿಮಿಷ ಸಾಕಾಯಿತು. ಈ ವಿದ್ಯೆ ಉಳಿಸಿ ಕೊಟ್ಟದ್ದಕ್ಕೆ ನಿಮಗೆ ಋಣಿ, ಇಲ್ಲ ಅನ್ನುವುದಿಲ್ಲ. ಜನರೂ ಚೇತರಿಸಿಕೊಂಡರು. ಆದರೆ ದಾಖಲೆ ತೆರೆದು ನೋಡಿದಾಗ ಸಾಲು ತೆಗೆದವರ ಜಾಗದಲ್ಲಿ ಕೆಂಚಮ್ಮನ ಹೆಸರಿತ್ತು. ನಾನಲ್ಲ ಅಂತ ಅವಳು ಅತ್ತಳು. ದಾಖಲೆಗಿಂತ ನಿನ್ನ ಮಾತು ದೊಡ್ಡದೇ ಅಂತ ಪಂಚಾಯ್ತಿಯವರು ಕೇಳಿದರು. ಇವತ್ತು ಮಧ್ಯಾಹ್ನ ಪಂಚಾಯ್ತಿಯಲ್ಲಿ ಅವಳ ಕೀಲಿ ಕಿತ್ತುಕೊಳ್ಳುತ್ತಾರೆ.

ನಿಮಗೆ ಏನು ರೋಗ ಬಂದಿತ್ತು ಮಾರಾಯರೇ? ನಿಂತ ನೀರು ಕೆಡುತ್ತದೆ, ಅದಕ್ಕೇ ಚೆಲ್ಲುತ್ತಿದ್ದೇನೆ ಅಂತ ಒಂದು ವಾಕ್ಯ ಬರೆದಿದ್ದರೆ ಕೈ ಸವೆಯುತ್ತಿತ್ತೇ? ಇವತ್ತು ಶುರು ಮಾಡುವಾಗ ಮೊದಲು ನಿಮ್ಮ ಸ್ವಂತ ಹೆಸರು ಹಾಕಿ. ಅಪ್ಪ ಅಮ್ಮ ಇಟ್ಟ ಹೆಸರು. ಹತ್ತು ಕೆಲಸ ಒಟ್ಟಿಗೆ ಗಂಟು ಕಟ್ಟಿ ಒಂದೇ ಹೆಜ್ಜೆಯಲ್ಲಿ ತುರುಕಬೇಡಿ. ಏನು ಬದಲಾಯಿತು ಅನ್ನುವುದು ಕೋಡು ನೋಡಿದರೆ ನಮಗೇ ತಿಳಿಯುತ್ತದೆ, ಯಾಕೆ ಅನ್ನುವುದನ್ನು ನೀವೇ ಹೇಳಬೇಕು. ಅನುಮಾನವಿದ್ದರೆ ಕವಲಿನಲ್ಲಿಟ್ಟು ನೋಡಿ. ಮತ್ತೆ, ಎದ್ದು ಊಟಕ್ಕೆ ಹೋಗುವಾಗ ನಿಮ್ಮ ಕೀಲಿಯನ್ನು ತೆರೆದಿಟ್ಟು ಹೋಗಬೇಡಿ, ಪಕ್ಕದಲ್ಲಿ ಕೂತಿರುವುದು ಒಡಹುಟ್ಟಿದವಳೇ ಆದರೂ.

ಕೆಂಚಮ್ಮ ಹಾಗೆ ಹೋಗಿದ್ದಳು. ಒಂಬತ್ತು ದಿನದಿಂದ ಅವಳು ನನ್ನ ಮುಖ ನೋಡಿ ಮಾತಾಡಿಲ್ಲ. ಅವಳಿಗೆ ಗೊತ್ತು ಅಂತ ನನಗೆ ಅನುಮಾನ. ಗೊತ್ತಿದ್ದೂ ಯಾರ ಮುಂದೆಯೂ ಬಾಯಿ ಬಿಡುತ್ತಿಲ್ಲ ಅನ್ನುವುದು ಇನ್ನೂ ಸಂಕಟ. ನಿಮ್ಮ ತಪ್ಪು ಹುಡುಕುತ್ತಾ ಹುಡುಕುತ್ತಾ ಒಂಬತ್ತು ದಿನ ಕಳೆದೆ, ನಾಚಿಕೆಯಾಗುತ್ತದೆ. ನಿಮ್ಮ ಕಾಲದವರು ಇಂಥ ಹೊತ್ತಿನಲ್ಲಿ ದಾಖಲೆಯನ್ನೇ ಅಳಿಸಿ ಹೊಸದಾಗಿ ಬರೆಯುತ್ತಿದ್ದರಂತೆ. ನನಗೂ ಆ ದಾರಿ ಗೊತ್ತು, ನಿನ್ನೆ ಅದಕ್ಕೆ ಕೈ ಹಾಕಿ ಹಿಂದೆ ತೆಗೆದೆ. ಅಳಿಸಿಲ್ಲ. ಪಂಚಾಯ್ತಿಗೆ ಹೊರಡುವ ಮುಂಚೆ ಹೊಸದೊಂದು ಹೆಜ್ಜೆ ಹಾಕಿದ್ದೇನೆ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಜೊತೆಗೆ ಬರೆದದ್ದು ಇಷ್ಟು:

ಮೂರನೇ ಗೇಟಿನ ಸಾಲನ್ನು ತೆಗೆದದ್ದು ಕೆಂಚಮ್ಮ ಅಲ್ಲ. ಅವಳು ಬೇಡ ಅಂದಿದ್ದಳು. ಅವಳು ಊಟಕ್ಕೆ ಎದ್ದಾಗ ಅವಳ ಕೀಲಿಯಿಂದ ಬರೆದವಳೂ ನಾನೇ, ನನ್ನ ಕೀಲಿಯಿಂದ ಒಪ್ಪಿದವಳೂ ನಾನೇ. ಕಾರಣ: ನನ್ನ ಮಾತೇ ನಡೆಯಬೇಕು ಅನ್ನುವ ಹಟ.

ದುರುಗಮ್ಮ