ಭೈರ ಹಗ್ಗದಾಚೆ ಓಡಿದ ದಿನ

ಮೊಳಕಾಲ್ಮುರು
16 ಫೆಬ್ರವರಿ 2003

ಪ್ರೀತಿಯ ಲಕ್ಷ್ಮಕ್ಕನಿಗೆ,

ನಿನ್ನ ರಂಜನಿಯ ನಮಸ್ಕಾರ. ಚಳ್ಳಕೆರೆಯಿಂದ ನೀನು ಬರೆದ ಎರಡು ಕಾಗದಗಳೂ ತಲುಪಿದವು. ನೀನು ಶಾಲೆಗೆ ಫೋನ್ ಮಾಡಿದಾಗ ನಾನು ಅಲ್ಲೇ ಕೂತಿದ್ದೆ. 'ಇಲ್ಲ ಅಂತ ಹೇಳಿಬಿಡಿ' ಎಂದು ಜವಾನ ತಿಪ್ಪಯ್ಯನಿಗೆ ಹೇಳಿಕೊಟ್ಟವಳು ನಾನೇ. ತಪ್ಪಾಯಿತು. ಭಾವನವರ ಮಂಡಿನೋವು ಹೇಗಿದೆ? ಇಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿದೆ. ನಮ್ಮ ಶಾಲೆಯ ಹುಡುಗಿಯರು ಖೋಖೋದಲ್ಲಿ ಜಿಲ್ಲೆಗೆ ಎರಡನೆಯವರಾಗಿ ಬಂದರು.

ಒಂದು ತಿಂಗಳಿಂದ ನಿನ್ನ ಮೇಲೆ ಸಿಟ್ಟು ಎಂದುಕೊಂಡಿದ್ದೆ. ಹೊಟ್ಟೆಕಿಚ್ಚು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಭೈರ ನಿಮ್ಮ ಎಣ್ಣೆ ಮಿಲ್ಲಿನಿಂದ ನಮ್ಮ ಮನೆಗೆ ಬಂದಾಗ ಹೇಗಿದ್ದ, ನೆನಪಿದೆಯಾ? ಲಾರಿ ಹಾರ್ನ್ ಕೇಳಿದರೆ ನಡುಗುತ್ತಿದ್ದ. ಗೊತ್ತಿಲ್ಲದವರು ಹತ್ತಿರ ಬಂದರೆ ಎಗರುತ್ತಿದ್ದ. ಹಮಾಲಿ ಬೋರಣ್ಣನ ಮೀನಖಂಡಕ್ಕೆ ಬಾಯಿ ಹಾಕಿದ ಮೇಲೆ ಭಾವ, "ಈ ನಾಯೀನ ಎಲ್ಲಾದ್ರೂ ಬಿಟ್ಟು ಬರ್ತೀನಿ" ಎಂದರು. ನೀನು ಅಳುತ್ತಾ ಸರಪಳಿ ನನ್ನ ಕೈಗೆ ಕೊಟ್ಟೆ.

ಆಮೇಲಿನ ಎರಡು ವರ್ಷ ನಿನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಬಸ್ ರಸ್ತೆಯಿಂದ ಇನ್ನೂರು ಹೆಜ್ಜೆ ದೂರ, ಶಾಲೆಯ ಮೈದಾನದ ಮೂಲೆಯಲ್ಲಿ ಅವನೊಂದಿಗೆ ಕೂರುತ್ತಿದ್ದೆ. ದೇವಸಮುದ್ರದ ಬಸ್ಸು ಕಂಡ ಕೂಡಲೇ, ಅವನು ಬೊಗಳುವ ಮೊದಲೇ, ಬಾಯಿಗೊಂದು ಕೊಬ್ಬರಿ ಚೂರು. ಬಸ್ಸು ಹೋದರೆ ಕೊಬ್ಬರಿಯೂ ಇಲ್ಲ. ಬಸ್ಸು ಬರಲಿ ಎಂದು ಅವನೇ ರಸ್ತೆ ನೋಡುವಂತಾಗಲು ಒಂದು ಮಳೆಗಾಲ ಹಿಡಿಯಿತು. ವಾರಕ್ಕೆ ಹತ್ತು ಹೆಜ್ಜೆ ಮುಂದೆ ಸರಿದೆವು. ಗೊತ್ತಿಲ್ಲದವರ ಪಾತ್ರ ತಿಪ್ಪಯ್ಯನದು: ಭೈರನ ಕಣ್ಣು ನೋಡದೆ, ಮುಖ ತಿರುಗಿಸಿಕೊಂಡು ದೂರದಲ್ಲಿ ಹಾದುಹೋಗಬೇಕು. "ಮೇಡಮ್ಮೋರೇ, ಹೆತ್ತ ಮಕ್ಕಳಿಗೂ ನಾನು ಇಷ್ಟು ಸಮಾಧಾನ ತೋರ್ಸಿಲ್ಲ ಕಣ್ರಿ" ಎಂದು ನಗುತ್ತಿದ್ದ.

ಅಂಜಿಕೆ ಕಳೆದ ಮೇಲೆ ನಾಯಿಗಳ ಅಡೆತಡೆ ಓಟದ ಅಭ್ಯಾಸ: ಹಾರಲು ಶಾಲೆಯ ಹಳೇ ಹರ್ಡಲ್ಸ್ ಇದ್ದವು. ಗೋಣಿಚೀಲ ಹೊಲಿದು ಸುರಂಗ ಮಾಡಿದೆ. ಹಲಗೆ ಮಾತ್ರ ಅವನಿಗೆ ಹುಲಿ. ಕಾಲಡಿ ಅಲುಗಿದರೆ ಓಡಿಬಿಡುತ್ತಿದ್ದ. ಮೊದಲ ತಿಂಗಳು ಹಲಗೆ ನೆಲದ ಮೇಲೇ ಇತ್ತು. ಆಮೇಲೆ ಒಂದೊಂದೇ ಇಟ್ಟಿಗೆ. ಒಮ್ಮೆಯೂ ಅವನನ್ನು ಜಗ್ಗಲಿಲ್ಲ. ಎದೆಯೆತ್ತರದ ಹಲಗೆಯ ಮೇಲೆ ಅವನು ನಿಂತು ಬಾಲ ಆಡಿಸಿದ ದಿನ, ನಲವತ್ತರ ಹೆಂಗಸು ನಾನು, ಮೈದಾನದಲ್ಲಿ ಕುಣಿದೆ.

ದಾವಣಗೆರೆಯ ಶ್ವಾನ ಪ್ರದರ್ಶನಕ್ಕೆ ನಿನ್ನನ್ನು ಕರೆದವಳೂ ನಾನೇ. ನೀನು ನೋಡಲಿ ಎಂಬ ಆಸೆ. ಧ್ವನಿವರ್ಧಕ, ಜನ, ನೂರು ನಾಯಿಗಳ ಗದ್ದಲ; ಭೈರ ನನ್ನ ಮುಖವನ್ನಷ್ಟೇ ನೋಡುತ್ತಾ ಹಾರಿದ, ಸುರಂಗ ದಾಟಿದ, ಹಲಗೆಯ ನಟ್ಟನಡುವೆ ಬಂದ. ಆಗ ಹಗ್ಗದಾಚೆಯಿಂದ ನೀನು "ಭೈರಾ!" ಎಂದೆ. ಒಂದೇ ಸಲ. ಅವನು ಅಲ್ಲಿಂದ ಜಿಗಿದು, ಹಗ್ಗದಡಿ ನುಸುಳಿ, ನಿನ್ನ ಸೀರೆಯಲ್ಲಿ ಮುಖ ಹುದುಗಿಸಿದ. ಜನ ನಕ್ಕರು. ತೀರ್ಪುಗಾರರು ಕೈಯೆತ್ತಿ ನಮ್ಮನ್ನು ಆಟದಿಂದ ಹೊರಗಿಟ್ಟರು.

"ನಮ್ಮ ಮನೆ ನಾಯಿ ಕಣ್ರಿ, ನನ್ನನ್ನ ಮರೀತೈತಾ?" ಎಂದು ನೀನು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಊಟದ ಹೊತ್ತಿಗೆ, "ಈಗ ಸರಿಹೋಗೈತಲ್ಲ ರಂಜೀ, ನಾನೇ ಕರ್ಕೊಂಡು ಹೋಗ್ತೀನಿ" ಎಂದೆ. ನಾನು ಎಲೆ ಬಿಟ್ಟು ಎದ್ದು, ಅವನನ್ನು ಕರೆದುಕೊಂಡು ಬಂದುಬಿಟ್ಟೆ.

ಮರುದಿನ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಅವನನ್ನು ಕೊರಳಪಟ್ಟಿ ಹಿಡಿದು ಹಲಗೆಗೆ ಎಳೆದೆ. "ಅವಳು ಕರೆದರೆ ಓಡ್ತೀಯಾ? ಹತ್ತು!" ಎಂದು ಕಿರುಚಿದೆ. ಅವನು ನೆಲಕ್ಕೆ ಹೊಟ್ಟೆ ಹಚ್ಚಿ, ಅಲ್ಲೇ ಉಚ್ಚೆ ಹೊಯ್ದುಕೊಂಡ. ತಿಪ್ಪಯ್ಯ ಓಡಿಬಂದು, "ಬಿಡ್ರಮ್ಮ, ಅದೇನ್ ಮಾಡೈತೆ ಪಾಪ" ಎಂದು ನನ್ನ ಬೆರಳು ಬಿಡಿಸಿದ.

ಎರಡು ವರ್ಷದ ಕೆಲಸವನ್ನು ಎರಡು ನಿಮಿಷದಲ್ಲಿ ಕೆಡಿಸಿದೆ ಅಕ್ಕ. ಕೊಬ್ಬರಿ ಹಿಡಿದರೂ ಹತ್ತಿರ ಬರಲಿಲ್ಲ. ಇಟ್ಟಿಗೆ ತೆಗೆದು ಹಲಗೆಯನ್ನು ಮತ್ತೆ ನೆಲಕ್ಕೆ ಹಾಕಿದೆ. ಅವನಿಗೆ ಬೆನ್ನು ಕೊಟ್ಟು ದಿನಾ ಸುಮ್ಮನೆ ಕೂತೆ. ಹದಿನೇಳನೆಯ ದಿನ ಬೆನ್ನಿಗೆ ಬಿಸಿಯುಸಿರು ತಾಕಿತು. ತಿರುಗಿ ನೋಡುವ ಧೈರ್ಯ ನನಗೇ ಆಗಲಿಲ್ಲ. ನಿನ್ನೆ ಎರಡು ಇಟ್ಟಿಗೆಯ ಎತ್ತರ ದಾಟಿದ.

ನೀನು ಬಂದು ನೋಡು. ನಿನ್ನ ಮಡಿಲಲ್ಲಿ ಮಲಗಿದರೆ ಮಲಗಲಿ, ಸಹಿಸಿಕೊಳ್ಳುತ್ತೇನೆ. ಆದರೆ ಅವನನ್ನು ಕೊಡುವುದಿಲ್ಲ. ನಿನಗೆ ಇಲ್ಲ ಎಂದದ್ದು ಇದೇ ಮೊದಲು.

ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರೆಯಲಿ, ಆರೋಗ್ಯವಾಗಿರಲಿ.

ಇಂತಿ ನಿನ್ನ ತಂಗಿ,
ಶಿವರಂಜನಿ

ಮ.ವಿ.: ಅವ್ವ ನಮ್ಮಲ್ಲಿ ಹಾಸಿಗೆ ಹಿಡಿದಿದ್ದ ಎಂಟು ತಿಂಗಳಲ್ಲಿ ನೀನು ಬಂದದ್ದು ಮೂರು ಸಲ. ಕೊನೆಗೆ ಏನಂದಳು ಎಂದು ನೀನು ಕೇಳಿದ್ದೆ. ಏನೂ ಇಲ್ಲ ಎಂದಿದ್ದೆ. ಅದು ಸುಳ್ಳು. ಅವಳು ಹೋದ ದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಕೈ ಹಿಡಿದು, "ಲಕ್ಷ್ಮೀ, ಬಂದ್ಯೇನವ್ವಾ?" ಎಂದಳು. "ಹ್ಞೂಂ ಅವ್ವಾ, ಬಂದೀನಿ" ಎಂದೆ. ಅವಳ ಮುಖ ಅರಳಿತು. ನಾನು ರಂಜನಿ ಎಂದು ಹೇಳಲೇ ಇಲ್ಲ.